ಮನೆಗೆಷ್ಟು ನಕ್ಷತ್ರ?

ಫ್ರಿಜ್ ಕೊಳ್ಳಲು ಅಂಗಡಿಗೆ ಹೋದವರು ಇತ್ತೀಚೆಗೆ ಮೊದಲು ನೋಡುವುದು ಅದರ ಬಾಗಿಲಿಗೆ ಅಂಟಿಸಿದ ನಕ್ಷತ್ರಗಳನ್ನು. ಮೂರಿದ್ದರೆ ಇಷ್ಟು ಕರೆಂಟು, ಐದಿದ್ದರೆ ಇನ್ನೂ ಉಳಿತಾಯ ಎಂಬ ಲೆಕ್ಕ ಈಗ ಗೃಹಿಣಿಯರಿಗೂ ಬಾಯಿಪಾಠ. 2006ರಲ್ಲಿ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಶುರು ಮಾಡಿದ ಈ ನಕ್ಷತ್ರದ ಪದ್ಧತಿ ಯಾದಗಿರಿಯ ಅಂಗಡಿಗಳಿಗೂ ಬಂದು ನೆಲೆಸಿದೆ. ಆದರೆ ಕೆಲವು ಸಾವಿರ ರೂಪಾಯಿಯ ಪೆಟ್ಟಿಗೆಗೆ ಇಷ್ಟು ವಿಚಾರಿಸುವ ನಾವು, ಜೀವಮಾನದ ಗಳಿಕೆಯನ್ನೆಲ್ಲ ಸುರಿದು ಕಟ್ಟುವ ಮನೆಯ ಬಗ್ಗೆ ಏನು ವಿಚಾರಿಸುತ್ತೇವೆ? ಬಾಗಿಲು ಯಾವ ದಿಕ್ಕಿಗೆ, ಅಡುಗೆಮನೆ ಯಾವ ಮೂಲೆಗೆ ಎಂದು ಕೇಳುತ್ತೇವೆ. ಮೇ ತಿಂಗಳ ರಾತ್ರಿ ಹನ್ನೊಂದಕ್ಕೆ ಒಳಗೆ ಮಲಗಿದವರಿಗೆ ನಿದ್ರೆ ಬರುತ್ತದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಆರೋಗ್ಯದ ಅಂಕಣದಲ್ಲಿ ಮನೆ ಕಟ್ಟುವ ಮಾತೇಕೆ ಎನ್ನಬಹುದು. ಕಾರಣವಿದೆ.

ಕೆಲವು ವರ್ಷಗಳ ಹಿಂದಿನ ಮಾತು. ಶಹಾಪುರ ತಾಲ್ಲೂಕಿನ ಒಂದು ಊರಿನಿಂದ ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು ಮಗ ಕರೆತಂದಿದ್ದ. ತಲೆಸುತ್ತು, ನಾಲಿಗೆ ಒಣಗಿದೆ, ಮೂತ್ರ ಕಡಿಮೆ, ಮಾತು ಸ್ವಲ್ಪ ತೊದಲುತ್ತಿದೆ. ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿದ್ದರು. ಸಲೈನ್ ಕೊಟ್ಟೆ, ಎರಡು ದಿನದಲ್ಲಿ ಚೇತರಿಸಿಕೊಂಡರು, ಮನೆಗೆ ಕಳಿಸಿದೆ. ವಾರದೊಳಗೆ ಅದೇ ಸ್ಥಿತಿಯಲ್ಲಿ ಮತ್ತೆ ಬಂದರು. ಆಗ ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ: “ಇವರು ಎಲ್ಲಿ ಮಲಗುತ್ತಾರೆ?”

ಹಳೆಯ ಮಣ್ಣಿನ ಮಾಳಿಗೆಯ ಮನೆ ಕೆಡವಿ, ಸಾಲ ಮಾಡಿ ಹೊಸ ಸ್ಲ್ಯಾಬಿನ ಮನೆ ಕಟ್ಟಿಸಿದ್ದರು. ಮಹಡಿಯ ಮೇಲೊಂದು ಕೋಣೆ ತಾಯಿಗೆಂದೇ ಪ್ರೀತಿಯಿಂದ ಕಟ್ಟಿಸಿದ್ದ. ಸೊಳ್ಳೆ ಬರುತ್ತವೆಂದು ಕಿಟಕಿ ಮುಚ್ಚಿ ಫ್ಯಾನ್ ಹಾಕಿಕೊಡುತ್ತಿದ್ದ. ಅಜ್ಜಿ ಕ್ಷೀಣವಾದ ದನಿಯಲ್ಲಿ ಹೇಳಿದ್ದು ಇನ್ನೂ ನೆನಪಿದೆ: “ಹಳೀ ಮನ್ಯಾಗ ಛಲೋ ನಿದ್ದಿ ಹತ್ತತಿತ್ತು ನೋಡಪ್ಪ. ಇದು ಮನಿ ಅಲ್ಲ, ರೊಟ್ಟಿ ಹಂಚು.”

ನಾನು ಕಾಯಿಲೆಗೆ ಔಷಧ ಕೊಟ್ಟು, ಕಾಯಿಲೆ ತಂದ ಹಂಚಿನ ಮೇಲೇ ಅವರನ್ನು ಮತ್ತೆ ಮಲಗಿಸಿದ್ದೆ.

ರಾತ್ರಿಯ ಬಿಸಿಲು

ಮೇ ತಿಂಗಳ ಮೊದಲ ವಾರದ ಹೊತ್ತಿಗೆ ನಮ್ಮ ಸೀಮೆಯಲ್ಲಿ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ನಿಲ್ಲುತ್ತಾನೆ. ಆಗ ಮನೆಯ ಭಾಗಗಳಲ್ಲಿ ಹೆಚ್ಚು ಬಿಸಿಲುಣ್ಣುವುದು ಛಾವಣಿ. ನಾಲ್ಕೈದು ಇಂಚಿನ ಕಾಂಕ್ರೀಟು ಸ್ಲ್ಯಾಬು ಹಗಲೆಲ್ಲ ಈ ಶಾಖ ಕುಡಿದು, ಕೆಲವು ಗಂಟೆಗಳ ನಂತರ, ಅಂದರೆ ಸಂಜೆಯಿಂದ ನಡುರಾತ್ರಿಯವರೆಗೆ, ಕೆಳಗೆ ಮಲಗಿದವರ ಮೇಲೆ ಅದನ್ನು ಕಾರುತ್ತದೆ. ತಗಡಿನ ಮನೆಯ ಪಾಡು ಬೇರೆ. ಅದು ಬಿಸಿಲು ಬಿದ್ದ ಕೂಡಲೇ ಕಾಯುತ್ತದೆ, ಮಧ್ಯಾಹ್ನ ಒಳಗೆ ಕೂಡಲಾಗದು.

ಹಗಲಿನ ಬಿಸಿಲು ತಡೆದ ದೇಹ ರಾತ್ರಿ ತಂಪಾಗಿ ಸುಧಾರಿಸಿಕೊಳ್ಳಬೇಕು. ಅದಕ್ಕೆ ಅವಕಾಶವಿಲ್ಲದಿದ್ದರೆ ಹೃದಯ ಮತ್ತು ಮೂತ್ರಪಿಂಡಗಳಿಗೆ ಬಿಡುವಿಲ್ಲದ ದುಡಿಮೆ. ವೃದ್ಧರು, ಹಸುಗೂಸುಗಳು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ಮೊದಲು ಸೋಲುತ್ತಾರೆ. ರಕ್ತದೊತ್ತಡದ ಕೆಲವು ಮಾತ್ರೆಗಳು ದೇಹದ ನೀರನ್ನು ಮೂತ್ರದ ಮೂಲಕ ಹೊರಹಾಕುವುದರಿಂದ ಅವರಿಗೆ ಅಪಾಯ ಹೆಚ್ಚು. (ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಬೇಸಿಗೆಗೆ ಮುಂಚೆ ವೈದ್ಯರನ್ನು ಕೇಳಬೇಕು.) ಕೋಣೆಯ ಶಾಖ ಹಗಲು 32 ಡಿಗ್ರಿ, ರಾತ್ರಿ 24 ಡಿಗ್ರಿ ಮೀರದಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊರಗೇ 42 ಡಿಗ್ರಿ ದಾಟುವ ನಮಗೆ ಇದು ಕನಸು. ಕೋಣೆಯ ಶಾಖ 40 ಡಿಗ್ರಿ ಮೀರಿದರೆ ಫ್ಯಾನು ತಂಪು ಕೊಡುವ ಬದಲು ಬಿಸಿಗಾಳಿಯನ್ನೇ ಮೈಗೆ ಊದುತ್ತದೆ ಎಂಬುದನ್ನೂ ಅರಿತಿರಬೇಕು.

ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ವಾಡಿಕೆಯುಂಟು. ಒಳ್ಳೆಯ ಕ್ರಮ. ಆದರೆ ಕಚೇರಿಯ ಕಾವಿನಿಂದ ಪಾರಾದ ನೌಕರ ಹೋಗಿ ಕೂಡುವುದು ಎಲ್ಲಿ? ಅದಕ್ಕಿಂತ ಬಿಸಿಯಾದ ತನ್ನ ಮನೆಯಲ್ಲಿ!

ಕಟ್ಟಡಗಳಿಗೂ ಪರೀಕ್ಷೆ ಉಂಟು

ಫ್ರಿಜ್ಜಿನಂತೆ ಕಟ್ಟಡಗಳಿಗೂ ಅಂಕ ಕೊಡುವ ಪದ್ಧತಿ ಬಂದು ಬಹಳ ಕಾಲವಾಯಿತು. ಇಂಗ್ಲೆಂಡಿನಲ್ಲಿ 1990ರಲ್ಲಿ ‘ಬ್ರೀಯಾಮ್’ ಶುರುವಾಯಿತು, ಅದೇ ದಶಕದ ಕೊನೆಗೆ ಅಮೆರಿಕದ ‘ಲೀಡ್’ ಬಂತು. ನಮ್ಮಲ್ಲಿ 2001ರಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಳಿ ಹುಟ್ಟಿತು. ಅದು ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ದರ್ಜೆ ಕೊಡುತ್ತದೆ. 2007ರಲ್ಲಿ ಸರ್ಕಾರ ‘ಗೃಹ’ ಎಂಬ ಪದ್ಧತಿಯನ್ನು ರಾಷ್ಟ್ರೀಯ ಮಾಪನವಾಗಿ ಒಪ್ಪಿಕೊಂಡಿತು. ಇದರಲ್ಲಿ ಒಂದರಿಂದ ಐದು ನಕ್ಷತ್ರ. ಕರೆಂಟು ಎಷ್ಟು ಉಳಿಯಿತು, ನೀರು ಎಷ್ಟು ಉಳಿಯಿತು, ಹಗಲು ಬೆಳಕು ಒಳಗೆ ಬರುತ್ತದೆಯೇ, ಸಾಮಗ್ರಿ ಹತ್ತಿರದಿಂದ ತಂದದ್ದೇ, ಗಾಳಿ ಆಡುತ್ತದೆಯೇ ಎಂದೆಲ್ಲ ನೋಡಿ ಅಂಕ ಹಾಕುತ್ತಾರೆ.

ನಮ್ಮ ಜನ ದೊಡ್ಡ ಕಾಯಿಲೆಯಾದರೆ ಹೈದರಾಬಾದಿನ ದಾರಿ ಹಿಡಿಯುವುದುಂಟು. ಅದೇ ಹೈದರಾಬಾದಿನಲ್ಲಿ ಸೊರಾಬ್ಜಿ ಗೋದ್ರೇಜ್ ಹಸಿರು ಉದ್ಯಮ ಕೇಂದ್ರವೆಂಬ ಕಟ್ಟಡವಿದೆ. 2003ರಲ್ಲಿ ಅಮೆರಿಕದ ಹೊರಗೆ ಮೊಟ್ಟಮೊದಲ ‘ಲೀಡ್’ ಪ್ಲಾಟಿನಂ ಪಡೆದದ್ದು ಅದು. ಅದರ ವಿಶೇಷವೇನು? ನಡುವೆ ತೆರೆದ ಅಂಗಳ, ಬೆಳಕು ಸೋಸಿ ಬಿಡುವ ಜಾಲಂಧ್ರ, ಗಾಳಿಯನ್ನು ತಂಪು ಮಾಡಿ ಒಳಗಿಳಿಸುವ ಗಾಳಿಗೋಪುರ, ಛಾವಣಿಯ ಮೇಲೆ ಮಣ್ಣು ಮತ್ತು ಹುಲ್ಲು.

ಓದುತ್ತಿರುವ ಸುರಪುರದ ಹಿರಿಯರು ನಗುತ್ತಿರಬಹುದು. ಅಂಗಳ, ಜಾಲಂಧ್ರ, ಛಾವಣಿಯ ಮೇಲೆ ಮಣ್ಣು ಅವರು ಹುಟ್ಟಿದ ಮನೆಯಲ್ಲೇ ಇದ್ದವು. ಎರಡಡಿ ದಪ್ಪದ ಗೋಡೆ, ತೊಲೆ–ಜಂತಿ, ಅದರ ಮೇಲೆ ಹಾಸುಗಲ್ಲು ಅಥವಾ ಹಲಗೆ, ಮೇಲೊಂದು ಗೇಣು ಸವಳು ಮಣ್ಣು, ಬೆಳಕಿಂಡಿ, ನಡೆದರೆ ಅಂಗಾಲು ತಣ್ಣಗಾಗುವ ಶಹಾಬಾದಿ ಫರಸಿ. ಹಗಲು ಕುಡಿದ ಶಾಖ ಒಳಮುಟ್ಟುವ ಹೊತ್ತಿಗೆ ಬೆಳಗಿನ ತಂಪು ಬಂದಿರುತ್ತಿತ್ತು. 1840ರ ದಶಕದಲ್ಲಿ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಸಾಹೇಬ ಕೂಡ ತನ್ನ ಮನೆಗೆ ಆರಿಸಿಕೊಂಡದ್ದು ಗಾಳಿ ಬೀಸುವ ಗುಡ್ಡವನ್ನೇ. ‘ಟೇಲರ್ ಮಂಜಿಲ್’ ಇಂದಿಗೂ ಅಲ್ಲಿದೆ.

ಹಾಗೆಂದು ಹಳೆಯದೆಲ್ಲ ಹೊನ್ನಲ್ಲ. ಮಣ್ಣಿನ ಮಾಳಿಗೆ ಸೋರುತ್ತಿತ್ತು, ವರ್ಷ ವರ್ಷ ಮಣ್ಣು ಹಾಕಲು ಆಳು ಬೇಕಿತ್ತು, ಒಳಗೆ ಹೊಗೆ, ಕತ್ತಲು, ಚೇಳು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಬಂದಂಥ ಮಳೆಗಾಲದಲ್ಲಿ ನೆನೆದ ಗೋಡೆಯ ಕೆಳಗೆ ಮಕ್ಕಳನ್ನು ಮಲಗಿಸಲು ಯಾವ ತಾಯಿಗೂ ಧೈರ್ಯ ಬರದು. ಜನ ಸ್ಲ್ಯಾಬಿಗೆ ಬಂದದ್ದು ಹುಚ್ಚಿನಿಂದಲ್ಲ, ಭದ್ರತೆಗಾಗಿ. ನನ್ನ ವಾದ ಸ್ಲ್ಯಾಬು ಬೇಡವೆಂದಲ್ಲ. ಸ್ಲ್ಯಾಬಿನ ಭದ್ರತೆಯ ಜೊತೆ ಮಾಳಿಗೆಯ ತಂಪನ್ನೂ ಕೇಳಿ ಪಡೆಯಿರಿ ಎಂದು.

ನಕ್ಷತ್ರ ಯಾರ ಪಾಲಿಗೆ?

ಈ ಅಂಕಪದ್ಧತಿಗಳ ಮೇಲೆ ನನ್ನ ದೂರು ಒಂದೇ. ಅವು ದೊಡ್ಡವರ ಕಡೆಗೇ ನೋಡುತ್ತವೆ. ‘ಗೃಹ’ದ ಮುಖ್ಯ ಪರೀಕ್ಷೆ 2,500 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡಗಳಿಗೆ. ಚಿಕ್ಕ ಕಟ್ಟಡಕ್ಕೆ ‘ಸ್ವಗೃಹ’ ಎಂಬ ಸರಳ ಪದ್ಧತಿ ಇದೆಯಾದರೂ, ನಮ್ಮ ಊರಲ್ಲಿ ಮನೆ ಕಟ್ಟುವ ಯಾರ ಬಾಯಲ್ಲೂ ನಾನು ಅದರ ಹೆಸರು ಕೇಳಿಲ್ಲ. ಮನೆಗಳಿಗಾಗಿಯೇ ಕೇಂದ್ರ ಸರ್ಕಾರ 2018ರಲ್ಲಿ ‘ಇಕೋ ನಿವಾಸ ಸಂಹಿತೆ’ ತಂದಾಗಲೂ ಅದನ್ನು ರೂಪಿಸಿದ್ದು 500 ಚದರ ಮೀಟರಿಗೆ ಕಡಿಮೆಯಿಲ್ಲದ ನಿವೇಶನಗಳಿಗೆ. ನಮ್ಮ ಮೂವತ್ತು–ನಲವತ್ತರ ಸೈಟು ನೂರಾ ಹನ್ನೊಂದು ಚದರ ಮೀಟರು! 2016ರ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಮನೆಯ ಕನಿಷ್ಠ ಅಳತೆ 25 ಚದರ ಮೀಟರು. ಹವಾನಿಯಂತ್ರಣ ಹಾಕಿಸಿಕೊಳ್ಳಬಲ್ಲ ಕಂಪನಿಗೆ ನಕ್ಷತ್ರ, ಹಾಕಿಸಿಕೊಳ್ಳಲಾಗದ ಬಡವನಿಗೆ ರೊಟ್ಟಿ ಹಂಚು. ತಂಪು ಮನೆ ಹೆಚ್ಚು ಬೇಕಾದದ್ದು ಯಾರಿಗೆ?

ಇನ್ನೊಂದು ಮಾತು. ನಮ್ಮ ಪೇಟೆಗಳಲ್ಲೂ ಈಗ ಪಡುವಣಕ್ಕೆ ಮುಖಮಾಡಿದ ಗಾಜಿನ ಕಟ್ಟಡಗಳು ಏಳುತ್ತಿವೆ. ಗಾಜು ಬಿಸಿಲನ್ನು ಒಳಗೆ ಬಿಟ್ಟುಕೊಂಡು ಹಿಡಿದಿಡುತ್ತದೆ, ಎ.ಸಿ. ಅದನ್ನು ಹೊರದಬ್ಬಿ ಪಕ್ಕದ ಮನೆಯ ಕಿಟಕಿಗೆ ಊದುತ್ತದೆ. ಅಂಥ ಕಟ್ಟಡವನ್ನು ‘ಆಧುನಿಕ’ ಎಂದು ಹೊಗಳುವುದನ್ನು ಬಿಡೋಣ.

ನಮ್ಮ ಪರೀಕ್ಷೆ, ನಮ್ಮ ಅಂಕ

ದಿಲ್ಲಿಯಿಂದ ಯಾರೋ ಬಂದು ಅಂಕ ಹಾಕಲಿ ಎಂದು ಕಾಯಬೇಕಿಲ್ಲ. ವೈದ್ಯನಾಗಿ ನಾನೇ ಹತ್ತು ಅಂಕದ ಒಂದು ಚಿಕ್ಕ ಪರೀಕ್ಷೆ ಸಿದ್ಧಮಾಡಿದ್ದೇನೆ. ಮನೆಮಂದಿ ಸೇರಿ ಪ್ರಾಮಾಣಿಕವಾಗಿ ಅಂಕ ಹಾಕಿಕೊಳ್ಳಿ.

ಛಾವಣಿ – 3 ಅಂಕ. ಸ್ಲ್ಯಾಬಿನ ಮೇಲೆ ಬಿಳಿ ಸುಣ್ಣ, ಬಿಳಿ ಬಣ್ಣ ಅಥವಾ ಬಿಳಿ ಟೈಲ್ಸಿನ ಚೂರುಗಳಿವೆಯೇ? ಬಿಳಿ ಛಾವಣಿ ಬಿಸಿಲನ್ನು ಹಿಂದಕ್ಕೆಸೆಯುತ್ತದೆ; ಒಳಗಿನ ಶಾಖ ಸುಮಾರು 2ರಿಂದ 5 ಡಿಗ್ರಿ ಇಳಿಯಬಹುದು. ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ, ಪ್ರತಿ ವರ್ಷ ಬೇಸಿಗೆಗೆ ಮುಂಚೆ ಬಳಿಯಬೇಕು. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕನ್ನಡಕ, ಕೈಚೀಲ ಧರಿಸಿ, ಮಕ್ಕಳನ್ನು ದೂರವಿಡಿ.

ಪಡುವಣ ಗೋಡೆ – 2 ಅಂಕ. ಮಧ್ಯಾಹ್ನದ ಮೇಲಿನ ಬಿಸಿಲಿಗೆ ಬೇವಿನ ಮರ, ಪಡಸಾಲೆ ಅಥವಾ ಚಪ್ಪರದ ನೆರಳಿದೆಯೇ?

ಗಾಳಿ – 2 ಅಂಕ. ಎದುರುಬದುರು ಕಿಟಕಿಗಳಿವೆಯೇ? ಅವಕ್ಕೆ ಸೊಳ್ಳೆ ಜಾಲರಿ ಇದೆಯೇ? ಜಾಲರಿಯಿಲ್ಲದ ಕಿಟಕಿ ಮುಚ್ಚಿದ ಕಿಟಕಿಯೇ.

ಅಡುಗೆಮನೆ – 1 ಅಂಕ. ಹೊಗೆ, ಆವಿ ಹೊರಹೋಗಲು ಮೇಲೆ ದಾರಿಯಿದೆಯೇ?

ನೀರು – 1 ಅಂಕ. ಟ್ಯಾಂಕು ಮುಚ್ಚಿದೆಯೇ? ಕೂಲರಿನ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ಒರೆಸುತ್ತೀರಾ? ಇಲ್ಲವಾದರೆ ತಂಪಿನ ಜೊತೆ ಡೆಂಗಿ ಬಂದೀತು.

ಹಿರಿಯರ ಜಾಗ – 1 ಅಂಕ. ವೃದ್ಧರ, ಬಾಣಂತಿಯರ ಹಾಸಿಗೆ ಮನೆಯ ಅತಿ ತಂಪಾದ ಕೋಣೆಯಲ್ಲಿದೆಯೇ?

ಐದಕ್ಕಿಂತ ಕಡಿಮೆ ಬಂದರೆ ಈ ಬೇಸಿಗೆಯೊಳಗೆ ಒಂದು ಡಬ್ಬ ಸುಣ್ಣದಿಂದಲೇ ಶುರು ಮಾಡಿ.

ಸರ್ಕಾರವೂ ಮನಸ್ಸು ಮಾಡಬೇಕು. ಅಹಮದಾಬಾದು ನಗರ 2013ರಲ್ಲೇ ಬಿಸಿಲು ಎದುರಿಸುವ ಕಾರ್ಯಯೋಜನೆ ಮಾಡಿಕೊಂಡು, ಮುಂದೆ ಬಡವರ ಮನೆಗಳ ಛಾವಣಿಗೆ ಬಿಳಿ ಬಳಿಸಿತು. ನಮ್ಮ ಗಡಿಯಾಚೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ನೀತಿ ಹೊರಡಿಸಿತು. ಗಡಿಯ ಈಚೆಗೂ ಅದೇ ಸೂರ್ಯ. 2009ರ ಕೊನೆಗೆ ಜಿಲ್ಲೆಯಾದ ಯಾದಗಿರಿಯಲ್ಲಿ ಇನ್ನೂ ಕಟ್ಟುವುದು ಬಹಳಷ್ಟಿದೆ: ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರ, ಆಶ್ರಯ ಮನೆ. ಮನೆಯ ಕಂತು ಬಿಡುಗಡೆ ಮಾಡುವಾಗ ತಳಪಾಯ ಬಂತೇ, ಲಿಂಟಲ್ ಬಂತೇ ಎಂದು ನೋಡುವ ಅಧಿಕಾರಿ, ಛಾವಣಿ ಬಿಳಿಯಾಯಿತೇ, ಎದುರುಬದುರು ಕಿಟಕಿ ಇಟ್ಟರೇ ಎಂದೂ ನೋಡಲಿ. ಕಟ್ಟಡಕ್ಕೆ ಪರವಾನಗಿ ಕೊಡುವ ನಗರಸಭೆ ಈ ಎರಡು ಪ್ರಶ್ನೆಗಳನ್ನು ಅರ್ಜಿಯಲ್ಲೇ ಸೇರಿಸಲಿ. ಇದಕ್ಕೆ ಕೋಟಿಗಳು ಬೇಡ.

ಕೊನೆಯದಾಗಿ ಒಂದು ಎಚ್ಚರಿಕೆ. ಬೇಸಿಗೆಯಲ್ಲಿ ಮೈ ಕೆಂಡದಂತೆ ಸುಡುತ್ತಾ ಮಾತು ತೊದಲಿದರೆ, ಗಲಿಬಿಲಿಗೊಂಡರೆ, ಎಚ್ಚರ ತಪ್ಪಿದರೆ ಅದು ಉಷ್ಣಾಘಾತವಿರಬಹುದು. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಕೂಡಲೇ 108ಕ್ಕೆ ಕರೆಮಾಡಿ.

ಅಜ್ಜಿಯ ಹಾಸಿಗೆಯನ್ನು ಮಗ ಅಂದೇ ಕೆಳಗಿನ ಪಡಸಾಲೆಗೆ ತಂದ. ಕಿಟಕಿಗೆ ಜಾಲರಿ ಬಂತು, ಮಹಡಿಗೆ ಸುಣ್ಣ ಬಂತು. ಮುಂದಿನ ಬೇಸಿಗೆ ಅವರು ಸಲೈನಿಗೆಂದು ಬರಲಿಲ್ಲ. ರಕ್ತದೊತ್ತಡ ತೋರಿಸಲು ತಾವೇ ನಡೆದು ಬಂದರು. ಇವತ್ತು ರಾತ್ರಿ ಹತ್ತು ಗಂಟೆಗೆ ತಾವು ಒಂದು ಕೆಲಸ ಮಾಡಿ. ತಮ್ಮ ತಾಯಿ–ತಂದೆ ಮಲಗುವ ಕೋಣೆಗೆ ಹೋಗಿ, ಪಡುವಣ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ. ಆ ಬಿಸಿಯೇ ತಮ್ಮ ಮನೆಗೆಷ್ಟು ನಕ್ಷತ್ರವೆಂದು ಹೇಳುತ್ತದೆ.