ಎಚ್ಚರಿಕೆ ಇತ್ತು, ಹಗ್ಗ ಕಟ್ಟುವವರು ಇರಲಿಲ್ಲ

ಹೋದ ತಿಂಗಳು ಸೆಮಿನಾರ್‌ಗೆ ಟಾಪಿಕ್ ಕೊಡಬೇಕಿತ್ತು. ನಾವು ‘ಹಿಮಕುಸಿತ ಸುರಕ್ಷತೆ’ ಅಂತ ಬರೆದುಕೊಟ್ವಿ. ಹಿಂದಿನ ಬೆಂಚಿನಿಂದ ತಕ್ಷಣ ಪ್ರಶ್ನೆ ಬಂತು: “ಲೇ, ನಿಮ್ಮ ಚಿಕ್ಕೇರೂರಾಗ ಹಿಮ ಯಾವಾಗ ಬಿತ್ತೋ?” ಕ್ಲಾಸ್ ಪೂರ್ತಿ ನಕ್ಕಿತು, ನಾವೂ ನಕ್ಕೆವು. ಪ್ರಶ್ನೆ ಸರಿಯಾಗೇ ಐತಿ. ನಮ್ಮೂರ ಕಡೆ ಬೆಳ್ಳಗೆ ಕಾಣೋದು ಹತ್ತಿ, ಜಾರೋದು ಗೋವಿನಜೋಳದ ರಾಶಿ. ಹಿರೇಕೆರೂರು ತಾಲೂಕಿನವರು ಹಿಮದ ಬಗ್ಗೆ ಮಾತಾಡೋದು, ಮಲೆನಾಡಿನವರು ಒಂಟೆ ಸಾಕೋದಕ್ಕೆ ಹೊರಟ ಹಾಗೆ.

ಈ ಟಾಪಿಕ್ ಹೊಳೆದದ್ದು ಒಂದು ವಾಟ್ಸ್ಯಾಪ್ ಮೆಸೇಜಿನಿಂದ. ಸೆಮಿಸ್ಟರ್ ರಜೆಗೆ ಉತ್ತರಾಖಂಡದ ಹಿಮದ ಟ್ರೆಕ್‌ಗೆ ಹೋಗೋಣ ಅಂತ ರೂಮಿನ ಮೂವರೂ ದುಡ್ಡು ಕೂಡಿಸಿಟ್ಟಿದ್ದೆವು. ಬುಕ್ ಮಾಡೋ ಮುಂಚೆ ಒಂದು ಟ್ರೆಕ್ ಕಂಪನಿಗೆ “ಆ ದಾರೀಲಿ ಹಿಮ ಕುಸಿಯೋ ಅಪಾಯ ಇದೆಯಾ? ಅದನ್ನ ಯಾರು ನೋಡ್ತಾರೆ?” ಅಂತ ಕೇಳಿದೆವು. “ಡೋಂಟ್ ವರಿ” ಅಂತ ಬಂತು, ಜೊತೆಗೆ ಹೆಬ್ಬೆರಳಿನ ಇಮೋಜಿ. ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ಕೂಲಿಂಗ್ ಗ್ಲಾಸ್ ಇತ್ತು, ಲಿಪ್ ಬಾಮ್ ಇತ್ತು. ನಮ್ಮ ಪ್ರಶ್ನೆಗೆ ಉತ್ತರ ಮಾತ್ರ ಇರಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವುದೇ ಕೆಲವರ ಪೂರ್ಣಾವಧಿ ಕೆಲಸ, ಅದಕ್ಕೆ ಸಂಬಳವೂ ಇದೆ ಅಂತ ನಮಗೆ ಗೊತ್ತಾದದ್ದು ಆಮೇಲೆ.

ಮೊದಲು ಪದದ ತಕರಾರು ಮುಗಿಸೋಣ. ನಾವು ಇಂಗ್ಲಿಷ್ ಮೀಡಿಯಂನವರು, ಕನ್ನಡದಲ್ಲಿ ಹುಡುಕಿದಾಗ ಎಲ್ಲ ಕಡೆ ಸಿಕ್ಕಿದ್ದು ‘ಹಿಮಪಾತ’. ಶಿಮ್ಲಾದಲ್ಲಿ ಹನಿಮೂನ್‌ಗೆ ಹೋದವರ ಮೇಲೆ ಬೀಳುವುದೂ ಹಿಮಪಾತ, ಸಿಯಾಚಿನ್‌ನಲ್ಲಿ ಸೈನಿಕರನ್ನು ಹೂತುಹಾಕುವುದೂ ಹಿಮಪಾತ! ಒಂದು ಆಕಾಶದಿಂದ ಉದುರುವ ಹಿಮ, ಇನ್ನೊಂದು ಬೆಟ್ಟದ ಮೈಯಿಂದ ಕಳಚಿ ಬರುವ ಹಿಮ. ಮೂರನೆಯದೂ ಒಂದಿದೆ: 2024ರ ಜೂನ್‌ನಲ್ಲಿ ಉತ್ತರಕಾಶಿಯ ಸಹಸ್ರತಾಲ್ ದಾರಿಯಲ್ಲಿ ಕರ್ನಾಟಕದ 22 ಜನರ ಚಾರಣ ತಂಡ ಸಿಕ್ಕಿಹಾಕಿಕೊಂಡು 9 ಜನ ತೀರಿಕೊಂಡರಲ್ಲ, ಅದು ಹಿಮಗಾಳಿ. ಕುಸಿತ ಅಲ್ಲ. ಮೂರಕ್ಕೂ ಕಾರಣ ಬೇರೆ, ಉಪಾಯ ಬೇರೆ. ಒಂದೇ ಪದ ಇಟ್ಟುಕೊಂಡರೆ ಮೂರೂ ‘ವಿಧಿ’ ಅನ್ನೋ ಒಂದೇ ಖಾತೆಗೆ ಜಮಾ ಆಗಿಬಿಡುತ್ತವೆ. ಹಾಗಾಗಿ ಇಲ್ಲಿ ನಾವು ಹಿಮಕುಸಿತ ಅಂತಲೇ ಬರೀತೀವಿ.

ಹಿಮಕುಸಿತಕ್ಕೂ ನಮ್ಮ ಕಡೆಗೂ ಸಂಬಂಧ ಇಲ್ಲ ಅನ್ನೋರು 2016ರ ಫೆಬ್ರವರಿ ನೆನಪು ಮಾಡಿಕೊಳ್ಳಬೇಕು. ನಾವಾಗ ನಾಲ್ಕನೇ ಕ್ಲಾಸು. ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಸೋನಂ ಪೋಸ್ಟ್ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ 10 ಸೈನಿಕರು ಹೂತುಹೋದರು. ಆರನೇ ದಿನ ಅಡಿಗಟ್ಟಲೆ ಹಿಮ ಕೊರೆದು ತೆಗೆದಾಗ ಒಬ್ಬರಿಗೆ ಉಸಿರಿತ್ತು. ನಮ್ಮ ಪಕ್ಕದ ಧಾರವಾಡ ಜಿಲ್ಲೆಯ, ಕುಂದಗೋಳ ತಾಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಶಾಲೆಯಲ್ಲಿ ಪ್ರಾರ್ಥನೆ ಮಾಡಿಸಿದರು, ಕಣ್ಣುಮುಚ್ಚಿ ನಿಂತದ್ದು ನಮಗೆ ಈಗಲೂ ನೆನಪಿದೆ. 11ನೇ ತಾರೀಕು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆ ಹತ್ತು ಜನರಲ್ಲಿ ಹಾಸನ, ಮೈಸೂರು ಜಿಲ್ಲೆಯವರೂ ಇದ್ದರು.

ಊರೂರಲ್ಲಿ ಫ್ಲೆಕ್ಸ್ ನಿಂತವು, ಮೇಣದಬತ್ತಿ ಹಚ್ಚಿದರು. ಅದು ತಪ್ಪು ಅಂತಲ್ಲ. ಆದರೆ ಇಷ್ಟು ವರ್ಷದಲ್ಲಿ ಯಾರೂ ನಮ್ಮ ಮುಂದೆ “ಹಿಮ ಯಾವಾಗ ಕುಸಿಯುತ್ತೆ ಅಂತ ಹೇಳೋಕೆ ಆಗುತ್ತಾ? ಅದನ್ನ ಓದಬಹುದಾ?” ಅಂತ ಕೇಳಿದ್ದಿಲ್ಲ. ಕೇಳಿದ್ದರೆ ಉತ್ತರ ಸಿಗುತ್ತಿತ್ತು: ಆಗುತ್ತೆ, ಓದಬಹುದು, ಅದೂ ನಮ್ಮ ಬ್ರ್ಯಾಂಚುಗಳಲ್ಲೇ.

ಅಡುಗೆಮನೆಯ ಉದಾಹರಣೆ ಕೊಡ್ತೀವಿ. ಒಂದು ಪರಾತಕ್ಕೆ ತೆಳ್ಳಗೆ ರವೆ ಉದುರಿಸಿ, ಮೇಲೊಂದು ಖಡಕ್ ರೊಟ್ಟಿ ಇಟ್ಟು, ನಿಧಾನಕ್ಕೆ ಓರೆ ಮಾಡಿ. ಒಂದು ಕೋನದವರೆಗೆ ಏನೂ ಆಗಲ್ಲ, ಆಮೇಲೆ ರೊಟ್ಟಿ ಇಡಿಯಾಗಿ ಜಾರುತ್ತೆ. ಹಿಮವೂ ಪದರ ಪದರವಾಗಿ ಕೂತಿರುತ್ತೆ. ಗಟ್ಟಿ ಪದರದ ಕೆಳಗೆ ಸಕ್ಕರೆ ಹಳಕಿನಂಥ ಸಡಿಲ ಹರಳಿನ ಪದರ ಇದ್ದರೆ, ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ, ಮೇಲೊಬ್ಬ ಮನುಷ್ಯನ ಭಾರ ಬಿದ್ದರೂ ಸಾಕು. ಸ್ಕೀ ಮಾಡುವವರು ಸಿಕ್ಕಿಕೊಳ್ಳುವ ಕುಸಿತಗಳಲ್ಲಿ ಹೆಚ್ಚಿನವನ್ನು ಎಬ್ಬಿಸುವುದು ಸಿಕ್ಕಿಕೊಂಡವರೇ, ಇಲ್ಲಾ ಅವರ ಜೊತೆಗಾರರೇ. ನೆಲದ ಹತ್ತಿರ ಬಿಸಿ, ಮೇಲೆ ಕೊರೆಯುವ ಚಳಿ ಇದ್ದಾಗ ಆ ಸಕ್ಕರೆ ಪದರ ಬೆಳೆಯುತ್ತೆ, ಅಂದ್ರೆ ಇದು ಅಪ್ಪಟ ಹೀಟ್ ಟ್ರಾನ್ಸ್‌ಫರ್. ಸಿವಿಲ್‌ನವರಿಗೆ ಇದು ಸಾಯಿಲ್ ಮೆಕ್ಯಾನಿಕ್ಸ್‌ನ ಶಿಯರ್, ಮಣ್ಣಿನ ಬದಲು ಹಿಮ ಅಷ್ಟೇ.

ಕಂಪ್ಯೂಟರ್ ಸೈನ್ಸಿನವರು ಎದ್ದು ಹೋಗಬೇಡಿ. ಲ್ಯಾಬಿನಲ್ಲಿ ಕೆ-ನಿಯರೆಸ್ಟ್ ನೇಬರ್ ಅಂತ ಐರಿಸ್ ಹೂವಿನ ಡೇಟಾಸೆಟ್ ಮೇಲೆ ಓಡಿಸಿ ರೆಕಾರ್ಡ್ ಬರೀತೀವಲ್ಲ, ಅದೇ ವಿಧಾನವನ್ನು ಸ್ವಿಟ್ಜರ್‌ಲೆಂಡಿನವರು 1980ರ ದಶಕದಿಂದಲೇ ಹಿಮಕುಸಿತದ ಮುನ್ಸೂಚನೆಗೆ ಬಳಸಿದ್ದಾರೆ, ನಮ್ಮ ದೇಶದಲ್ಲೂ ಬಳಸಿದ್ದಾರೆ. ಇವತ್ತಿನ ಗಾಳಿ, ಉಷ್ಣಾಂಶ, ಹೊಸ ಹಿಮ ಎಷ್ಟು ಅಂತ ನೋಡು. ಹಿಂದೆ ಇಂಥದೇ ದಿನಗಳು ಯಾವು ಇದ್ದವು ಹುಡುಕು. ಆ ದಿನಗಳಲ್ಲಿ ಎಷ್ಟು ಸಲ ಕುಸಿದಿತ್ತು ಎಣಿಸು. ಇಷ್ಟೇ. ಹೂವಿನ ದಳ ಅಳೆಯೋದಕ್ಕಿಂತ ಇದು ಎಷ್ಟು ಚೆನ್ನಾಗಿದೆ ಅಂತ ನಮಗನ್ನಿಸಿತು.

ಭಾರತದಲ್ಲಿ ಈ ಕೆಲಸ ಮಾಡುವುದು ಚಂಡೀಗಢದ ಡಿಜಿಆರ್‌ಇ, ಡಿಆರ್‌ಡಿಒದ ಲ್ಯಾಬು. 2020ರವರೆಗೆ ಇದರ ಮುಖ್ಯ ಭಾಗಕ್ಕೆ ಸಾಸೆ ಅಂತ ಹೆಸರಿತ್ತು. ಚಳಿಗಾಲದಲ್ಲಿ ಕಾಶ್ಮೀರ, ಲಡಾಖ್, ಹಿಮಾಚಲ, ಉತ್ತರಾಖಂಡಗಳಿಗೆ ಹಿಮಕುಸಿತದ ಬುಲೆಟಿನ್ ಕೊಡೋದು ಇವರೇ. 2022ರ ಸೆಪ್ಟೆಂಬರಿನಲ್ಲಿ ಸೇನೆ ಮತ್ತು ಇವರು ಸೇರಿ ಉತ್ತರ ಸಿಕ್ಕಿಂನಲ್ಲಿ 15,000 ಅಡಿ ಎತ್ತರದಲ್ಲಿ ಒಂದು ರೇಡಾರ್ ನಿಲ್ಲಿಸಿದರು. ಕುಸಿತ ಶುರುವಾದ ಮೂರೇ ಸೆಕೆಂಡಿನಲ್ಲಿ ಅದು ಪತ್ತೆ ಹಚ್ಚುತ್ತಂತೆ. ಇಲ್ಲಿಗೆ ಸೈಂಟಿಸ್ಟ್ ‘ಬಿ’ ಆಗಿ ಸೇರಬೇಕಂದ್ರೆ ಡಿಆರ್‌ಡಿಒ ನೇಮಕಾತಿಗೆ ಗೇಟ್ ಸ್ಕೋರ್ ಬೇಕು. ನಮ್ಮಲ್ಲಿ ಅರ್ಧ ಕ್ಲಾಸು ಹೇಗೂ ಬರೆಯೋ ಗೇಟ್.

ಇಷ್ಟು ಓದಿದಾಗ ನಾವು ಅಂದುಕೊಂಡದ್ದು: ಸರಿ, ವಿಜ್ಞಾನ ಇದೆ, ಲ್ಯಾಬ್ ಇದೆ, ಸಮಸ್ಯೆ ಬಗೆಹರೀತು. ಆಮೇಲೆ ಮಾನಾದ ಸುದ್ದಿ ಓದಿದೆವು. 2025ರ ಫೆಬ್ರವರಿ 28, ಬದರಿನಾಥದ ಆಚೆಯ ಮಾನಾ. ರಸ್ತೆಯ ಹಿಮ ತೆಗೆಯಲು ಬಂದ 54 ಕಾರ್ಮಿಕರ ಶಿಬಿರದ ಮೇಲೆ ಹಿಮ ಕುಸಿಯಿತು. 46 ಜನ ಉಳಿದರು, 8 ಜನ ಹೋದರು. ಅವರು ಮಲಗುತ್ತಿದ್ದ ಉಕ್ಕಿನ ಕಂಟೇನರುಗಳೇ ಬಹಳ ಜನರನ್ನು ಉಳಿಸಿದವು. ನಾವು ಎರಡು ಸಲ ಓದಿದ ಸಾಲು ಬೇರೆ: ಹಿಂದಿನ ದಿನ ಸಂಜೆಯೇ ಚಮೋಲಿ ಸೇರಿದ ಹಾಗೆ ಆ ಜಿಲ್ಲೆಗಳ 2,400 ಮೀಟರ್ ಮೇಲಿನ ಜಾಗಗಳಿಗೆ ಡಿಜಿಆರ್‌ಇ 24 ಗಂಟೆಯ ಎಚ್ಚರಿಕೆ ಕೊಟ್ಟಿತ್ತು.

ಎಚ್ಚರಿಕೆ ಇತ್ತು. ಬುಲೆಟಿನ್ನಿಗೂ ಮಲಗಿದ್ದ ಮನುಷ್ಯನಿಗೂ ನಡುವೆ ಯಾರು ಇರಬೇಕಿತ್ತು? ನಮ್ಮ ಪ್ರಕಾರ ಇಡೀ ವಿಷಯ ಇರೋದು ಇಲ್ಲಿ.

ಆ ನಡುವಿನ ಮನುಷ್ಯನಿಗೆ ಹೊರದೇಶಗಳಲ್ಲಿ ಒಂದು ಹುದ್ದೆ ಇದೆ: ಸ್ಕೀ ಪೆಟ್ರೋಲರ್. ಹೆಸರು ಕೇಳಿ ರಜೆಯ ಮಜಾ ಅನ್ನಿಸುತ್ತೆ. ಕೆಲಸ ನೋಡಿ: ಜನ ಬರೋ ಮುಂಚೆ, ಕತ್ತಲಿರುವಾಗಲೇ ಬೆಟ್ಟ ಹತ್ತೋದು, ಗುಂಡಿ ತೋಡಿ ಪದರ ಪರೀಕ್ಷಿಸೋದು, ಕುಸಿಯಬಹುದಾದ ಹಿಮವನ್ನು ಸಣ್ಣ ಸ್ಫೋಟದಿಂದ ಮೊದಲೇ ಕೆಡವೋದು, ಸರಿ ಕಾಣದ ಇಳಿಜಾರಿಗೆ ಹಗ್ಗ ಕಟ್ಟಿ ಮುಚ್ಚೋದು. ಕಾಲು ಮುರಿದವರನ್ನು ಜಾರುಬಂಡಿಯಲ್ಲಿ ಇಳಿಸೋದು, ಹೂತವರನ್ನು ಹುಡುಕೋದು. ಟಿಕೆಟ್ ತಗೊಂಡು ಬಂದವನಿಗೆ “ಇವತ್ತು ಇಲ್ಲಿ ಬೇಡ” ಅನ್ನೋದು ಇದರಲ್ಲೆಲ್ಲ ಕಷ್ಟದ್ದು ಅಂತ ನಮ್ಮ ಊಹೆ. ಆ ‘ಬೇಡ’ ಹೇಳೋಕೆ ಅಧಿಕಾರ ಬೇಕು, ಓದು ಬೇಕು, ಸಂಬಳ ಬೇಕು.

ಸಂಬಳದ ಮಾತು ಬಂತಲ್ಲ. 2024ರ ಡಿಸೆಂಬರ್ 27ರಂದು ಅಮೆರಿಕದ ಪಾರ್ಕ್ ಸಿಟಿಯ ಸ್ಕೀ ಪೆಟ್ರೋಲರುಗಳು ಮುಷ್ಕರ ಹೂಡಿದರು. ಗಂಟೆಗೆ 21 ಡಾಲರಿನಿಂದ ಶುರುವಾಗುವ ಕೂಲಿಯನ್ನು 23 ಮಾಡಿ ಅನ್ನೋದು ಮುಖ್ಯ ಬೇಡಿಕೆ. ಕ್ರಿಸ್‌ಮಸ್ ರಜೆಯ ಜನಜಂಗುಳಿ, ಆದರೆ ಇಳಿಜಾರುಗಳನ್ನು ತೆರೆಯೋಕೆ ಸಾಕಷ್ಟು ಜನ ಇಲ್ಲ. ಲಿಫ್ಟುಗಳ ಮುಂದೆ ಉದ್ದುದ್ದ ಸಾಲು. ಎರಡು ವಾರದೊಳಗೆ ಕಂಪನಿ ಒಪ್ಪಿತು. ಶ್ರೀಮಂತ ದೇಶದಲ್ಲೂ ಈ ಕೆಲಸದವರು ಎರಡು ಡಾಲರಿಗೆ ಬೀದಿಗೆ ಬರಬೇಕಾಯ್ತು ಅನ್ನೋದನ್ನ ಮುಚ್ಚಿಟ್ಟು ನಿಮಗೆ ಕನಸು ಮಾರೋದು ನಮಗಿಷ್ಟ ಇಲ್ಲ.

ನಮ್ಮಲ್ಲಿ ಗುಲ್ಮಾರ್ಗ್ ಇದೆ. ಗೊಂಡೋಲಾ ಹತ್ತಿ ಅಫರ್ವತ್ ಬೆಟ್ಟದ ಮೇಲೆ ಇಳಿದರೆ ಗುರುತು ಹಾಕಿದ ದಾರಿಯ ಆಚೆ ಬರೀ ಕಾಡು ಹಿಮ. 2023ರ ಫೆಬ್ರವರಿ 1ರಂದು ಅಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಹಿಮದಡಿ ಸತ್ತರು. ಗುಲ್ಮಾರ್ಗಿನಲ್ಲಿ ಪೆಟ್ರೋಲ್ ತಂಡ ಇದೆ, ಸ್ಕೀಯಿಂಗ್ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆಯೂ ಇದೆ. ಕನ್ನಡದವರಿಗೆ ಅದು ದೂರ ಅನ್ನೋ ಮಾತನ್ನ ಕೊಡಗಿನ ಭವಾನಿ ತೆಕ್ಕಡ ಸುಳ್ಳು ಮಾಡಿ ಆಗಿದೆ. ಕಾಫಿ ತೋಟದ ಜಿಲ್ಲೆಯಿಂದ ಹೋಗಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತದ ಪರ ಸ್ಪರ್ಧಿಸಿದ್ದಾರೆ, ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ನಲ್ಲಿ ಪದಕ ಗೆದ್ದಿದ್ದಾರೆ.

ಈಗ ಹಿಂದಿನ ಬೆಂಚಿನ ಪ್ರಶ್ನೆಗೆ ವಾಪಸ್. ಹಿಮ ಇಲ್ಲದ ಊರಿಗೆ ಇದೆಲ್ಲ ಯಾಕೆ? 2024ರ ಜುಲೈ 16. ಅಂಕೋಲಾದ ಹತ್ತಿರ ಶಿರೂರು, ಹೆದ್ದಾರಿ 66. ರಸ್ತೆ ಅಗಲ ಮಾಡಲು ಕಡಿದ ಗುಡ್ಡ, ಅದರ ಬುಡದಲ್ಲಿ ಚಹಾದಂಗಡಿ, ಪಕ್ಕದಲ್ಲಿ ಲಾರಿಗಳು. ಕರಾವಳಿಗೆ ಭಾರಿ ಮಳೆಯ ಎಚ್ಚರಿಕೆ ಇತ್ತು. ಗುಡ್ಡ ಬಂತು, ಅಂಗಡಿಯ ಸಮೇತ ಗಂಗಾವಳಿಗೆ ಹೋಯಿತು. ಒಬ್ಬ ಚಾಲಕನ ಲಾರಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ನಮ್ಮೂರ ಕಡೆಯವರೂ ಗೋಕರ್ಣಕ್ಕೆ ಹೋದಾಗ ಅಂಥ ಗುಡ್ಡದ ಬುಡದಲ್ಲೇ ಗಾಡಿ ನಿಲ್ಲಿಸಿ ಚಹಾ ಕುಡಿಯೋದು. ಹಿಮದ ಜಾಗದಲ್ಲಿ ಮಣ್ಣು, ಸಕ್ಕರೆ ಪದರದ ಜಾಗದಲ್ಲಿ ನೀರು ಕುಡಿದ ಪದರ. ಉಳಿದ ಕಥೆ ಮಾನಾದ್ದೇ: ಎಚ್ಚರಿಕೆ ಮೊಬೈಲಿನಲ್ಲಿ, ಮನುಷ್ಯ ಗುಡ್ಡದ ಕೆಳಗೆ. ಆ ಬೆಳಗ್ಗೆ ಅಲ್ಲಿ ಹಗ್ಗ ಕಟ್ಟಿ “ಇವತ್ತು ಇಲ್ಲಿ ನಿಲ್ಲಬೇಡಿ” ಅನ್ನೋ ಅಧಿಕಾರ ಇದ್ದ, ಅದನ್ನೇ ಓದಿದ ಒಬ್ಬ ನೌಕರ ಇರಬೇಕಿತ್ತು. ಘಟ್ಟದ ಪ್ರತಿ ದಾರಿಗೂ ಮಳೆಗಾಲದ ನಾಲ್ಕು ತಿಂಗಳು ಇಂಥ ಪೆಟ್ರೋಲ್ ತಂಡ ಬೇಕು. ಹಿಮದ ದೇಶಗಳು ಹುದ್ದೆಗೆ ರೂಪ ಕೊಟ್ಟಾಗಿದೆ, ನಾವು ಅದನ್ನು ಮಣ್ಣಿಗೆ ಹೊಂದಿಸಿಕೊಳ್ಳಬೇಕು ಅಷ್ಟೇ.

“ಅಂಥ ಹುದ್ದೇನೇ ಇಲ್ಲವಲ್ಲ, ಓದಿ ಏನ್ಮಾಡ್ತೀರಿ?” ಅಂದರು ನಮ್ಮ ಪ್ಲೇಸ್‌ಮೆಂಟ್ ಸೀನಿಯರ್ ಒಬ್ಬರು. ಒಪ್ಪುತ್ತೇವೆ. ಲ್ಯಾಬಿನ ಸೀಟುಗಳು ಕೆಲವೇ, ಪೆಟ್ರೋಲ್ ಕೆಲಸ ಸೀಸನ್ನಿನದು, ಅಪಾಯ ನಿಜ. 2022ರ ಅಕ್ಟೋಬರಿನಲ್ಲಿ ದ್ರೌಪದಿ ಕಾ ಡಾಂಡಾದಲ್ಲಿ ಹಿಮಕುಸಿತಕ್ಕೆ ಸಿಕ್ಕಿದ್ದು ಉತ್ತರಕಾಶಿಯ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡವೇ. ಕಲಿಸುವವರೂ ಸತ್ತರು. ಮನೆಯಲ್ಲಿ ಹೇಳಿದಾಗ ಅಜ್ಜ ಕೇಳಿದ್ದು ಒಂದೇ ಪ್ರಶ್ನೆ, “ಪಗಾರ ಎಷ್ಟು?” ಎಜುಕೇಷನ್ ಲೋನ್ ಇರೋ ಮನೆಯಲ್ಲಿ ಅದು ಸಣ್ಣ ಪ್ರಶ್ನೆ ಅಲ್ಲ, ಅವರಿಗೆ ಹೇಳೋಕೆ ನಮ್ಮ ಹತ್ರ ಗಟ್ಟಿ ಅಂಕಿ ಇರಲಿಲ್ಲ. ಎಲ್ಲರೂ ಕೋಡಿಂಗ್ ಬಿಟ್ಟು ಬೆಟ್ಟ ಹತ್ತಿ ಅಂತ ನಾವು ಹೇಳುತ್ತಿಲ್ಲ. 400 ಜನರ ಬ್ಯಾಚಿನಲ್ಲಿ ನಾಲ್ಕು ಜನ ಈ ಕಡೆ ನೋಡಲಿ, ಅವರು ನೋಡುವಾಗ ಉಳಿದವರು ನಗದೇ ಇರಲಿ.

ಟ್ರೆಕ್ ಕ್ಯಾನ್ಸಲ್ ಮಾಡಿದೆವು. ಕೂಡಿಸಿದ ದುಡ್ಡು ಹಾಗೇ ಇದೆ, ಮುಂದಿನ ವರ್ಷದ ಮಿನಿ ಪ್ರಾಜೆಕ್ಟಿಗೆ. ಹಿಮದಲ್ಲಿ ಹೂತವರನ್ನು ಹುಡುಕುವ ಬೀಕನ್ ಅಂತ ಒಂದು ಸಾಧನ ಇದೆ, ಜಗತ್ತಿನಲ್ಲೆಲ್ಲ 457 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡೋದು. ಯಾರ ಬೀಕನ್ ಯಾರಿಗಾದರೂ ಕೇಳಿಸಲಿ ಅಂತ. 1994ರ ಒಂದು ಅಧ್ಯಯನದ ಲೆಕ್ಕ ಹೀಗಿದೆ: ಹೂತವರನ್ನು 15 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ, 35 ನಿಮಿಷವಾದರೆ ಮೂವರು. ಹನುಮಂತಪ್ಪನವರ ಆರು ದಿನ ಆ ಲೆಕ್ಕಕ್ಕೆ ಸಿಗುವಂಥದ್ದಲ್ಲ. ನಾವು ಆ ಬೀಕನ್ನಿನ ಒಂದು ಅಗ್ಗದ ಮಾದರಿ ಮಾಡಿ, ಒಣಮಣ್ಣಿನಲ್ಲಿ ಹೂತು, ಎಷ್ಟು ಆಳದವರೆಗೆ ಕೇಳಿಸುತ್ತೆ, ಅದೇ ಮಣ್ಣು ನೆನೆದರೆ ಎಷ್ಟು ಕಡಿಮೆಯಾಗುತ್ತೆ ಅಂತ ಅಳೆಯಬೇಕು ಅಂದುಕೊಂಡಿದ್ದೇವೆ. ಮಣ್ಣು ಹೊರೋಕೆ ನಾವಿದ್ದೇವೆ, ಕೋಡ್ ಬರೆಯೋಕೂ ಒಬ್ಬ ಇದ್ದಾನೆ. ಆಂಟೆನಾ ಸುತ್ತೋಕೆ ಇ ಅಂಡ್ ಸಿಯವರು ಒಬ್ಬರು ಬೇಕು. ಆಸಕ್ತಿ ಇದ್ದವರು ಶನಿವಾರ ಸಂಘದ ಮೀಟಿಂಗ್ ಮುಗಿದ ಮೇಲೆ ಕ್ಯಾಂಟೀನಿನ ಹತ್ರ ಸಿಗಿ.