ಅಪ್‌ಡೇಟ್ ನಿಂತ ಫೋನಿನ ಬೀಗ ಯಾರ ಕೈಲಿರಬೇಕು?

ಪರದೆ ಚೆನ್ನಾಗಿದೆ, ಕ್ಯಾಮೆರಾ ಚೆನ್ನಾಗಿದೆ, ಬ್ಯಾಟರಿ ಬೇಕಾದರೆ ಬದಲಿಸಬಹುದು. ಆದರೂ ಕೊಂಡ ಕೆಲವೇ ವರ್ಷಗಳಲ್ಲಿ ನಮ್ಮ ಫೋನ್ 'ಹಳೆಯದು' ಎನಿಸಿಕೊಳ್ಳುತ್ತದೆ. ಕಾರಣ, ಕಂಪನಿ ಅಪ್‌ಡೇಟ್ ಕಳಿಸುವುದನ್ನು ನಿಲ್ಲಿಸಿರುತ್ತದೆ. ಭದ್ರತಾ ಲೋಪಗಳಿಗೆ ತೇಪೆ ಹಾಕುವವರಿಲ್ಲ. ಹೊಸ ಫೋನಿಗೆ ಮನೆಯಲ್ಲಿ ಮತ್ತೆ ದುಡ್ಡು ಹೊಂದಿಸಬೇಕು.

ಇನ್ನೊಂದು ದಾರಿ ಇದೆ. ಆಂಡ್ರಾಯ್ಡ್‌ನ ಸೋರ್ಸ್ ಕೋಡ್ ಮುಕ್ತವಾಗಿ ಸಿಗುತ್ತದೆ. ಅದನ್ನು ಡೆಸ್ಕ್‌ಟಾಪ್‌ಗೆ ಇಳಿಸಿಕೊಂಡು, ನಮ್ಮ ಫೋನಿಗೆ ಹೊಂದುವ ತಂತ್ರಾಂಶವನ್ನು ನಾವೇ ಕಟ್ಟಿಕೊಳ್ಳಬಹುದು. ಸಯನೊಜೆನ್‌ಮಾಡ್ ಯೋಜನೆ 2016ರ ಡಿಸೆಂಬರ್‌ನಲ್ಲಿ ನಿಂತಾಗ ಸ್ವಯಂಸೇವಕರು ಅದೇ ಕೋಡನ್ನು ಎತ್ತಿಕೊಂಡು ಲಿನಿಯೇಜ್ ಓಎಸ್ ಎಂದು ಮುಂದುವರಿಸಿದರು. ಕೋಡ್ ಮುಕ್ತವಾಗಿತ್ತು, ಆದ್ದರಿಂದ ಕೆಲಸ ಉಳಿಯಿತು.

ಸುಲಭವೇನಲ್ಲ. ಲಿನಕ್ಸ್ ಇರುವ ಕಂಪ್ಯೂಟರ್ ಬೇಕು. ಗೂಗಲ್ ಹೇಳುವ ಲೆಕ್ಕ 400 ಜಿಬಿ ಖಾಲಿ ಜಾಗ, 64 ಜಿಬಿ ರ‍್ಯಾಮ್. (ನಮ್ಮ ಕಾಲೇಜು ಲ್ಯಾಬುಗಳ ಕಂಪ್ಯೂಟರು ಇದನ್ನು ಕೇಳಿದರೆ ನಕ್ಕೀತು!) ನೂರಾರು ಭಾಗಗಳಲ್ಲಿ ಹರಡಿರುವ ಕೋಡನ್ನು 'ರೆಪೊ' ಎಂಬ ಸಾಧನ ಒಂದೆಡೆ ತರುತ್ತದೆ. ಅದನ್ನು ಫೋನಿಗೆ ಅರ್ಥವಾಗುವ ರೂಪಕ್ಕೆ ತರಲು, ಅಂದರೆ ಕಂಪೈಲ್ ಮಾಡಲು, ಸಾಧಾರಣ ಯಂತ್ರಕ್ಕೆ ಗಂಟೆಗಟ್ಟಲೆ ಬೇಕು. ಒಂದು ಫೈಲ್ ತಪ್ಪಿದರೂ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆದರೆ ಒಂದು ಆಪರೇಟಿಂಗ್ ಸಿಸ್ಟಂ ಹೇಗೆ ಜೋಡಣೆಯಾಗುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ಕಲಿಸುವ ಪಠ್ಯಪುಸ್ತಕ ನನಗಂತೂ ಸಿಕ್ಕಿಲ್ಲ.

ಇಷ್ಟು ಶ್ರಮಪಟ್ಟವರನ್ನೂ ತಡೆಯುವುದು ಕಂಪನಿಗಳ ಬೀಗ. ಫೋನ್ ಆನ್ ಆದೊಡನೆ ಎಚ್ಚರಗೊಳ್ಳುವ ಬೂಟ್‌ಲೋಡರ್, ಬಾಗಿಲಲ್ಲಿ ನಿಂತ ಕಾವಲುಗಾರನಂತೆ, ಕಂಪನಿಯ ಮೊಹರಿಲ್ಲದ ತಂತ್ರಾಂಶವನ್ನು ಒಳಗೆ ಬಿಡುವುದಿಲ್ಲ. ಅದನ್ನು ತೆರೆಯಲು ಹಲವು ಕಂಪನಿಗಳು ಅವಕಾಶವನ್ನೇ ಕೊಡುವುದಿಲ್ಲ. ಕ್ಯಾಮೆರಾ, ಮೋಡೆಮ್‌ಗಳ ಕೋಡ್ ಗುಟ್ಟಾಗಿಯೇ ಇರುತ್ತದೆ. ಲಿನಕ್ಸ್ ಕರ್ನಲ್‌ನ ಜಿಪಿಎಲ್ ಪರವಾನಗಿ ಪ್ರಕಾರ ಕರ್ನಲ್ ಕೋಡನ್ನು ಕಂಪನಿಗಳು ಕೊಡಲೇಬೇಕು, ಆದರೂ ತಡಮಾಡುವವರಿದ್ದಾರೆ. ಸ್ವತಃ ಗೂಗಲ್, 2025ರ ಜೂನ್‌ನಲ್ಲಿ ಆಂಡ್ರಾಯ್ಡ್ 16ರ ಕೋಡ್ ಬಿಡುಗಡೆ ಮಾಡಿದಾಗ, ಪಿಕ್ಸೆಲ್ ಫೋನುಗಳಿಗೆ ಹೊಂದಿಸಲು ಬೇಕಾದ ಕಡತಗಳನ್ನು ಅದರ ಜೊತೆ ಕೊಡಲಿಲ್ಲ.

ಬೀಗ ತೆರೆದರೆ ಭದ್ರತೆ ಸಡಿಲಾಗುತ್ತದೆ ಎಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ. ಕಳ್ಳನ ಕೈಗೆ ಸಿಕ್ಕರೆ ಅಪಾಯವೇ. ಅದಕ್ಕಾಗಿಯೇ ಬೀಗ ತೆರೆದಾಗ ಫೋನಿನಲ್ಲಿದ್ದ ಮಾಹಿತಿಯೆಲ್ಲ ಅಳಿಸಿಹೋಗುವ ವ್ಯವಸ್ಥೆ ಇದೆ. ಕೆಲವು ಬ್ಯಾಂಕ್ ಆ್ಯಪ್‌ಗಳು ಅಂಥ ಫೋನಿನಲ್ಲಿ ಓಡುವುದೂ ಇಲ್ಲ. ಆದರೆ ಅಪ್‌ಡೇಟನ್ನೇ ನಿಲ್ಲಿಸಿದ ಕಂಪನಿ ಭದ್ರತೆಯ ಹೆಸರಿನಲ್ಲಿ ಬೀಗ ಬಿಗಿದಿಡುವುದು ಯಾವ ನ್ಯಾಯ?

ಕೊನೆಯ ಅಪ್‌ಡೇಟ್ ಕಳಿಸಿದ ದಿನವೇ ಬೂಟ್‌ಲೋಡರ್ ತೆರೆಯುವ ಅವಕಾಶವನ್ನೂ ಕರ್ನಲ್ ಕೋಡನ್ನೂ ಕೊಡಬೇಕೆಂದು ಸರ್ಕಾರ ನಿಯಮ ಮಾಡಲಿ. ನಾವೂ ಅಂಗಡಿಯಲ್ಲಿ ಮೆಗಾಪಿಕ್ಸೆಲ್ ಎಷ್ಟೆಂದು ಕೇಳುವಾಗ, ಬೂಟ್‌ಲೋಡರ್ ತೆರೆಯಲು ಬರುತ್ತದೆಯೇ ಎಂದೂ ಕೇಳೋಣ. ಮೊದಮೊದಲು ಅಂಗಡಿಯವರು ವಿಚಿತ್ರವಾಗಿ ನೋಡಬಹುದು.