ಕಾಲು ಹೋದ ಮೇಲೆ ಬರುವ ವಿಮೆ

ಶರೀರದ ಭಾರವನ್ನೆಲ್ಲ ಹೊರುವ ಪಾದವು ಮನುಷ್ಯನ ಗಮನಕ್ಕೆ ಬರುವುದು ಅದು ನೊಂದಾಗ ಮಾತ್ರ. ಮಧುಮೇಹಿಯ ದುರ್ದೈವವೆಂದರೆ, ಎಷ್ಟೋ ವೇಳೆ ಅವನ ಪಾದ ನೋಯುವುದೇ ಇಲ್ಲ. ಬಹುಕಾಲ ರಕ್ತದಲ್ಲಿ ಸಕ್ಕರೆ ಏರಿದ್ದರೆ ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತವೆ, ರಕ್ತಸಂಚಾರವೂ ಕುಗ್ಗುತ್ತದೆ. ಚಪ್ಪಲಿಯ ಮೊಳೆ ಚುಚ್ಚಿದುದು ತಿಳಿಯದೆ, ಗಾಯ ಕೀವುಗಟ್ಟಿ, ಕಡೆಗೆ ಕಾಲನ್ನೇ ಕತ್ತರಿಸಬೇಕಾದ ಪ್ರಸಂಗ ಒದಗುತ್ತದೆ. ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿರುವರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ಅಂದಾಜು ಮಾಡಿದೆ. ಮುಂಬಯಿ, ಪುಣೆಗಳ ಹೋಟೆಲುಗಳಲ್ಲಿ ಒದ್ದೆ ನೆಲದ ಮೇಲೆ ದಿನವಿಡೀ ನಿಂತು ದುಡಿಯುವ ಕನ್ನಡಿಗನಿಗೆ ಕಾಲೇ ಬಂಡವಾಳ. ಅದು ಹೋದರೆ ಊರಿನ ಮನೆಯ ಒಲೆಯೂ ಆರುತ್ತದೆ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ವಿಮೆಯು ಅರ್ಹ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯನ್ನು ಒದಗಿಸುತ್ತದೆ. 2024ರಲ್ಲಿ ಅದನ್ನು 70 ವರ್ಷ ದಾಟಿದ ಎಲ್ಲರಿಗೂ ವಿಸ್ತರಿಸಲಾಯಿತು. ಇದು ಸ್ತುತ್ಯವೇ. ಆದರೆ ಈ ನೆರವು ಆಸ್ಪತ್ರೆಗೆ ಸೇರಿದವರಿಗೆ; ಬಿಡುಗಡೆಯಾದ ಮೇಲೆ ಕೇವಲ 15 ದಿನಗಳ ಖರ್ಚು ಸಲ್ಲುತ್ತದೆ. ಮಧುಮೇಹಿಯ ಪಾದದ ಹುಣ್ಣು ಮಾಯಲು ತಿಂಗಳುಗಳೇ ಬೇಕಾಗಬಹುದು. ಹೀಗಾಗಿ ಕಾಲು ಕತ್ತರಿಸುವ ಶಸ್ತ್ರಕ್ರಿಯೆಗೆ ಹಣವುಂಟು. ಕಾಲು ಉಳಿಸುವ ಪರೀಕ್ಷೆಗೆ, ಮೆತ್ತನೆಯ ಪಾದರಕ್ಷೆಗೆ ಹಣವಿಲ್ಲ.

ಹೊರರೋಗಿಗಳ ಸಣ್ಣಪುಟ್ಟ ಖರ್ಚನ್ನೆಲ್ಲ ವಿಮೆ ಹೊತ್ತರೆ ಬೊಕ್ಕಸ ಬರಿದಾಗದೇ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ 1948ರ ಕಾಯಿದೆಯನ್ವಯ ಆರಂಭವಾದ ಕಾರ್ಮಿಕರ ರಾಜ್ಯ ವಿಮೆಯು ಹೊರರೋಗಿಗಳಿಗೂ ಚಿಕಿತ್ಸೆ ನೀಡುತ್ತ ಬಂದಿದೆ. ಅಷ್ಟೇ ಅಲ್ಲ, ಸ್ಪರ್ಶವಿಲ್ಲದ ಪಾದಗಳನ್ನು ಕಾಯುವ ವಿದ್ಯೆಯೂ ಈ ದೇಶಕ್ಕೆ ಹೊಸದಲ್ಲ. 1946ರಲ್ಲಿ ವೆಲ್ಲೂರಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಅವರು, ಕುಷ್ಠರೋಗಿಗಳ ಪಾದ ಹುಣ್ಣಾಗುವುದು ಮಾಂಸ ಕೊಳೆತು ಅಲ್ಲ, ನೋವು ತಿಳಿಯದೆ ಎಂಬುದನ್ನು ತೋರಿಸಿಕೊಟ್ಟರು. ಮುಂದೆ ಅಮೆರಿಕದಲ್ಲಿ ಅದೇ ಅನುಭವವನ್ನು ಮಧುಮೇಹಿಗಳಿಗೂ ಅನ್ವಯಿಸಿದರು. ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮವು ಸ್ಪರ್ಶ ಕಳೆದ ಪಾದಗಳಿಗೆ ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಪಾದರಕ್ಷೆಯನ್ನು ಉಚಿತವಾಗಿ ಕೊಡುತ್ತದೆ. ಒಬ್ಬನಿಗೆ ಸಲ್ಲುವ ನ್ಯಾಯ, ಅದೇ ಅಪಾಯದಲ್ಲಿರುವ ಇನ್ನೊಬ್ಬನಿಗೆ ಏಕೆ ಸಲ್ಲಬಾರದು?

ಆದುದರಿಂದ ವಿಮೆಯಲ್ಲಿ ಮೂರು ಸೌಲಭ್ಯಗಳು ಸೇರಲೇಬೇಕು: ವರ್ಷಕ್ಕೊಮ್ಮೆ ಪಾದಪರೀಕ್ಷೆ, ಹುಣ್ಣು ಮಾಯುವವರೆಗೆ ಡ್ರೆಸ್ಸಿಂಗ್, ಸ್ಪರ್ಶ ಕುಗ್ಗಿದವರಿಗೆ ವರ್ಷಕ್ಕೊಂದು ಜೊತೆ ಪಾದರಕ್ಷೆ. ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ. 10 ಗ್ರಾಮಿನ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ, ತಿಳಿಯಿತೇ ಎಂದು ಕೇಳಿದರಾಯಿತು. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ 30 ವರ್ಷ ದಾಟಿದವರ ರಕ್ತದ ಸಕ್ಕರೆ ನೋಡುವ ಏರ್ಪಾಡು ಈಗಾಗಲೇ ಇದೆ. ಅಲ್ಲಿಯೇ ಪಾದವನ್ನೂ ನೋಡಬಹುದು.

ಸರಕಾರ ಎಚ್ಚರಗೊಳ್ಳುವವರೆಗೆ ಕನ್ನಡ ಸಂಘಗಳು ಕೈಕಟ್ಟಿ ಕೂರಬೇಕಾಗಿಲ್ಲ. ಆರೋಗ್ಯ ಶಿಬಿರಗಳಲ್ಲಿ ಬೆರಳು ಚುಚ್ಚಿ ಸಕ್ಕರೆ ಅಳೆಯುವುದರ ಜೊತೆಗೆ ಚಪ್ಪಲಿ ಕಳಚಿಸಿ ಪಾದ ನೋಡುವ ಪದ್ಧತಿಯೂ ಬರಲಿ. ಪ್ರತಿಯೊಬ್ಬ ಮಧುಮೇಹಿಯೂ ರಾತ್ರಿ ಮಲಗುವ ಮುನ್ನ ತನ್ನ ಅಂಗಾಲನ್ನು ತಾನೇ ಪರೀಕ್ಷಿಸಿಕೊಳ್ಳಲಿ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಇಷ್ಟು ದೂರ ನಡೆಸಿಕೊಂಡು ಬಂದ ಕಾಲಿಗೆ ಅಷ್ಟು ಋಣವಾದರೂ ಸಲ್ಲಬೇಕು.